ಅರ್ಥಶಾಸ್ತ್ರದ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಪ್ರೋಗ್ರಾಮಿಂಗ್: ಕೋರ್ಸಿನಲ್ಲಿ ಏನಿರಬೇಕು?

ನೀವು ಎರಡು ವಿಷಯ ಕೇಳಿದ್ದೀರಿ. ಕೋಡ್ ಬರೆದೇ ಗೊತ್ತಿಲ್ಲದ ಅರ್ಥಶಾಸ್ತ್ರ ಸಂಶೋಧನಾ ವಿದ್ಯಾರ್ಥಿಗಳಿಗೆ ಒಂದು ಸೆಮಿಸ್ಟರಿನಲ್ಲಿ ಏನು ಕಲಿಸಬೇಕು? ಡೇಟಾ ವಿಶ್ಲೇಷಣೆಗೆ ಬಳಸುವ ಸ್ಟೇಟಾ, ಆರ್, ಪೈಥಾನ್‌ಗಳಲ್ಲಿ ಯಾವುದನ್ನು ಆರಿಸಬೇಕು? ನಾನು ಇಂಥದ್ದೇ ಕೋರ್ಸ್ ಪಾಠ ಮಾಡುತ್ತೇನೆ.

ಎರಡನೆಯದನ್ನು ಮೊದಲು ಮುಗಿಸಿಬಿಡೋಣ. ನಿಮ್ಮ ವಿಭಾಗದ ಗೈಡ್‌ಗಳು ಯಾವುದನ್ನು ಬಳಸುತ್ತಾರೋ ಅದನ್ನೇ ಕಲಿಸಿ. ಕೋಡ್ ಕೈಕೊಟ್ಟಾಗ ಕೇಳೋಕೆ ಪಕ್ಕದಲ್ಲಿ ಒಬ್ಬರು ಇರಬೇಕು, ಅಷ್ಟೇ. ಒಬ್ಬೊಬ್ಬರು ಒಂದೊಂದು ಬಳಸುತ್ತಿದ್ದರೆ ಆರ್ ಅಥವಾ ಪೈಥಾನ್ ಸಾಕು. ಎರಡೂ ಉಚಿತ, ಸ್ಟೇಟಾಗೆ ಲೈಸೆನ್ಸ್ ಕೊಳ್ಳಬೇಕು. ಈ ಚರ್ಚೆಗೆ ಸಭೆ ಕರೆಯಬೇಡಿ, ಮುಗಿಯುವುದೇ ಇಲ್ಲ.

ಇನ್ನು ಪಾಠದ ವಿಷಯ. ಅವಿಭಾಜ್ಯ ಸಂಖ್ಯೆ ಹುಡುಕುವ ಲೂಪ್‌ನಿಂದ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್) ಶುರು ಮಾಡಿದರೆ ಮೂರನೇ ವಾರಕ್ಕೆ ಅರ್ಧ ಕ್ಲಾಸ್ ಖಾಲಿ. ಮೊದಲ ದಿನವೇ ಕೊಳಕು ಡೇಟಾ ಫೈಲ್ ಒಂದನ್ನು ಕೈಗಿಡಿ. ಜಿಲ್ಲೆಯ ಕೋಡ್ 007 ಎಂದಿದ್ದದ್ದು ಓದಿಸಿಕೊಂಡ ಮೇಲೆ ಬರೀ 7 ಆಗಿದೆ, ಯಾಕೆ? ಡೇಟಾ ಟೈಪ್ ಎಂದರೇನು ಅಂತ ಆಮೇಲೆ ಅವರೇ ಕೇಳುತ್ತಾರೆ.

ನಾನು ಜಾಸ್ತಿ ಹೊತ್ತು ನಿಲ್ಲುವುದು ಖಾಲಿ ಬಿಟ್ಟ ಉತ್ತರಗಳ ಹತ್ತಿರ. ಸಮೀಕ್ಷೆಯಲ್ಲಿ ಕೆಲವರು ಆದಾಯ ಹೇಳಿಲ್ಲ ಅಂದುಕೊಳ್ಳಿ. 'ಆದಾಯ ಒಂದು ಲಕ್ಷಕ್ಕಿಂತ ಹೆಚ್ಚಿದೆಯೇ' ಎಂಬ ಒಂದೇ ಸಾಲಿನ ಪ್ರಶ್ನೆಯನ್ನು ಮೂರೂ ಕಡೆ ಹಾಕಿ ನೋಡಿ. ಸ್ಟೇಟಾ ಖಾಲಿ ಮೌಲ್ಯವನ್ನು ಯಾವ ಸಂಖ್ಯೆಗಿಂತಲೂ ದೊಡ್ಡದು ಎಂದು ಲೆಕ್ಕ ಹಾಕುತ್ತದೆ, ಹಾಗಾಗಿ ಉತ್ತರ ಕೊಡದವರೆಲ್ಲ ಶ್ರೀಮಂತರಾಗುತ್ತಾರೆ! ಪೈಥಾನ್‌ನಲ್ಲಿ ಡೇಟಾ ಟೇಬಲ್‌ಗಳಿಗೆ ಬಳಸುವ ಪಾಂಡಾಸ್ ಲೈಬ್ರರಿಯಲ್ಲಿ ಸಾಮಾನ್ಯವಾಗಿ 'ಇಲ್ಲ' ಎಂದು ಬರುತ್ತದೆ, ಅಲ್ಲಿ ಅವರು ಬಡವರು. ಆರ್ ಮಾತ್ರ 'ಗೊತ್ತಿಲ್ಲ' ಅನ್ನುತ್ತದೆ. ಮೂರರಲ್ಲೂ ಎರರ್ ಬರುವುದಿಲ್ಲ. ಕೋಡ್ ಓಡಿತು ಅಂದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ ಎನ್ನುವುದು ಇಲ್ಲಿ ತಲೆಗೆ ಹತ್ತಿದಷ್ಟು ಯಾವ ಭಾಷಣದಿಂದಲೂ ಹತ್ತುವುದಿಲ್ಲ.

ಎರಡು ಫೈಲ್‌ಗಳನ್ನು ಮರ್ಜ್ ಮಾಡುವುದಕ್ಕೂ, ಅಂದರೆ ಸಾಲಿಗೆ ಸಾಲು ಹೊಂದಿಸಿ ಒಂದು ಮಾಡುವುದಕ್ಕೂ, ಒಂದು ಪೂರ್ತಿ ವಾರ ಕೊಡಿ. ಮರ್ಜ್‌ಗೆ ಮುಂಚೆ ಎಷ್ಟು ಸಾಲಿತ್ತು, ಆಮೇಲೆ ಎಷ್ಟಾಯಿತು, ಜೋಡಿ ಸಿಗದೆ ಉಳಿದವು ಯಾವುವು? ಈ ಮೂರನ್ನೂ ಕೋಡೇ ಪರೀಕ್ಷಿಸಬೇಕು, ತಪ್ಪಿದ್ದರೆ ಅಲ್ಲೇ ನಿಲ್ಲಬೇಕು.

ಲೂಪ್, ಫಂಕ್ಷನ್ ಬೇಡವೇ? ಬೇಕು, ಆದರೆ ಸಿಮ್ಯುಲೇಷನ್ ಮೂಲಕ. ಶಿಕ್ಷಣದಿಂದ ಸಂಬಳ ಎಷ್ಟು ಏರುತ್ತದೆ ಎಂಬುದನ್ನು ನೀವೇ ನಿಗದಿ ಮಾಡಿ, ಸುಳ್ಳು ಡೇಟಾ ಹುಟ್ಟಿಸಿ. ಶಿಕ್ಷಣ, ಸಂಬಳ ಎರಡನ್ನೂ ಏರಿಸುವ ಸಾಮರ್ಥ್ಯ ಎಂಬ ಚರವನ್ನು ರಿಗ್ರೆಷನ್‌ನಿಂದ (ಒಂದು ಚರ ಇನ್ನೊಂದರ ಜೊತೆ ಎಷ್ಟು ಬದಲಾಗುತ್ತದೆ ಎಂದು ಅಂದಾಜಿಸುವ ಲೆಕ್ಕ) ಬಿಟ್ಟು ಸಾವಿರ ಸಲ ಓಡಿಸಿ. ಸಿಕ್ಕ ಅಂದಾಜು ಮತ್ತೆ ಮತ್ತೆ ಒಂದೇ ಕಡೆಗೆ ವಾಲುವುದು ಕಣ್ಣಿಗೇ ಕಾಣುತ್ತದೆ. ಸೀಡ್ (ಯಾದೃಚ್ಛಿಕ ಸಂಖ್ಯೆಗಳು ಪ್ರತಿ ಸಲವೂ ಅವೇ ಬರುವಂತೆ ಕೊಡುವ ಆರಂಭದ ಸಂಖ್ಯೆ) ಯಾಕೆ ಕೊಡಬೇಕು ಎನ್ನುವುದೂ ಇಲ್ಲೇ ಬರುತ್ತದೆ.

ಕೋಡಿನ ಹಳೆಯ ಆವೃತ್ತಿಗಳನ್ನು ಜೋಪಾನವಾಗಿಡುವ ಗಿಟ್‌ನ ನಾಲ್ಕು ಕಮಾಂಡ್ ಸಾಕು. ಅದರ ಬ್ರಾಂಚ್, ರೀಬೇಸ್‌ನಂಥ ಮುಂದಿನ ಪಾಠಗಳು ಸದ್ಯಕ್ಕೆ ಬೇಡ.

ಪರೀಕ್ಷೆಯ ಬದಲು ಒಂದು ಪ್ರಾಜೆಕ್ಟ್ ಕೊಡಿ: ಪ್ರಕಟವಾದ ಒಂದು ಪ್ರಬಂಧದ ಒಂದು ಟೇಬಲ್ಲನ್ನು ಮೂಲ ಡೇಟಾದಿಂದ ಮತ್ತೆ ಕಟ್ಟಬೇಕು. ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್‌ನ ಪತ್ರಿಕೆಗಳು ಲೇಖಕರಿಂದ ಕೋಡ್ ಮತ್ತು ಡೇಟಾ ಕೇಳುತ್ತವೆ, ಹಾಗಾಗಿ ಸಾಮಗ್ರಿಗೆ ಬರವಿಲ್ಲ. ಅರ್ಥಶಾಸ್ತ್ರಜ್ಞರಾದ ರೈನ್‌ಹಾರ್ಟ್ ಮತ್ತು ರೋಗಾಫ್ ಸರ್ಕಾರಿ ಸಾಲದ ಬಗ್ಗೆ ಬರೆದ 2010ರ ಪ್ರಬಂಧದ ಕಥೆ ಇಲ್ಲಿ ಹೇಳಿ. ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಕ್ಲಾಸ್ ಅಸೈನ್‌ಮೆಂಟ್‌ಗೆಂದು ಅದನ್ನು ಮರುಲೆಕ್ಕ ಮಾಡಲು ಹೊರಟರು. ಎಕ್ಸೆಲ್ ಸೂತ್ರದಲ್ಲಿ ಐದು ದೇಶ ಬಿಟ್ಟುಹೋಗಿದ್ದು ಸಿಕ್ಕಿತು. ಜಿಡಿಪಿಯ ಶೇ. 90ಕ್ಕಿಂತ ಹೆಚ್ಚು ಸಾಲವಿದ್ದಾಗ ಸರಾಸರಿ ಆರ್ಥಿಕ ಬೆಳವಣಿಗೆ ಶೇ. ಮೈನಸ್ 0.1 ಎಂದು ಪ್ರಬಂಧದಲ್ಲಿತ್ತು. 2013ರಲ್ಲಿ ಹರ್ನ್‌ಡನ್ ತಮ್ಮ ಇಬ್ಬರು ಪ್ರಾಧ್ಯಾಪಕರ ಜೊತೆ ಮಾಡಿದ ಲೆಕ್ಕದಲ್ಲಿ ಅದು ಶೇ. 2.2 ಆಯಿತು. ಇದರಲ್ಲಿ ಎಕ್ಸೆಲ್ ತಪ್ಪಿನ ಪಾಲು ಸಣ್ಣದು. ಕೆಲವು ವರ್ಷಗಳನ್ನು ಕೈಬಿಟ್ಟಿದ್ದು, ದೇಶಗಳಿಗೆ ತೂಕ ಕೊಟ್ಟ ರೀತಿ, ಇವೇ ದೊಡ್ಡವು. ಅದನ್ನೂ ಹೇಳಿ, ಇಲ್ಲದಿದ್ದರೆ ಎಕ್ಸೆಲ್ ಬಿಟ್ಟರೆ ಸಾಕು ಅಂದುಕೊಳ್ಳುತ್ತಾರೆ.

ಅಂಕ ಕೊಡುವ ಕ್ರಮ ಸರಳ. ಒಬ್ಬರ ಫೋಲ್ಡರನ್ನು ಇನ್ನೊಬ್ಬರ ಲ್ಯಾಪ್‌ಟಾಪ್‌ಗೆ ಹಾಕಿ, ಒಂದೇ ಕಮಾಂಡ್ ಕೊಡಿ. ಟೇಬಲ್ ಬಂದರೆ ಪಾಸ್. ತಮ್ಮ ಡೆಸ್ಕ್‌ಟಾಪ್‌ನಲ್ಲಿ ಫೈಲ್ ಇರುವ ಜಾಗದ ಪೂರ್ತಿ ವಿಳಾಸ ಕೋಡಿನೊಳಗೆ ಬರೆದಿಟ್ಟವರು ಮೊದಲ ಸುತ್ತಿನಲ್ಲೇ ಬೀಳುತ್ತಾರೆ, ಹಾಗಾಗಿ ಎರಡನೇ ಸುತ್ತಿಗೂ ಒಂದು ವಾರ ಉಳಿಸಿಕೊಳ್ಳಿ.