ಹಳೆಯ ಸಿಎನ್‌ಸಿ ರೌಟರ್‌ಗೆ ಹೊಸ ಕಂಟ್ರೋಲರ್: ಮೋಟರ್‌ಗಳನ್ನೂ ಬದಲಿಸಬೇಕೆ?

ಪ್ರಶ್ನೆ: ಮೂರು ಅಕ್ಷಗಳ ಹಳೆಯ ಸಿಎನ್‌ಸಿ ರೌಟರ್ (ಕಂಪ್ಯೂಟರ್ ಆಜ್ಞೆಯಂತೆ ಆಕೃತಿ ಕೊರೆಯುವ ಯಂತ್ರ) ಒಂದನ್ನು ಕೊಂಡಿದ್ದೇನೆ. ಮೋಟರ್‌ಗಳಿಗೆ ಕರೆಂಟ್ ಹರಿಸುವ ಡ್ರೈವರ್‌ಗಳೆಲ್ಲ ಒಂದೇ ಬೋರ್ಡಿನಲ್ಲಿದ್ದು, 24 ವೋಲ್ಟ್ ಪವರ್ ಸಪ್ಲೈ ಇದೆ. ಪ್ಯಾರಲಲ್ ಪೋರ್ಟ್ ಇರುವ ಹಳೆಯ ಕಂಪ್ಯೂಟರಿನಿಂದಲೇ ನಡೆಸಬೇಕು. ವೇಗ ಹೆಚ್ಚಿಸಿದರೆ ಮೋಟರ್ ಕಿರುಗುಟ್ಟಿ ನಿಲ್ಲುತ್ತದೆ, ಕೊರೆದ ಆಕೃತಿ ಪಕ್ಕಕ್ಕೆ ಸರಿದಿರುತ್ತದೆ. ಮೋಟರ್ ಸಹಿತ ಎಲ್ಲವನ್ನೂ ಬದಲಿಸಬೇಕೆ?

ಉತ್ತರ: ಮೋಟರ್‌ಗಳನ್ನು ಉಳಿಸಿಕೊಳ್ಳಿ. ಇಂಥ ಯಂತ್ರದ, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟರಿನಲ್ಲಿ ಬೇರಿಂಗ್ ಬಿಟ್ಟರೆ ಸವೆಯುವ ಭಾಗವೇ ಇಲ್ಲ. ಆದರೆ ಹೊಸ ಸಾಮಗ್ರಿ ಕೊಳ್ಳುವ ಮುನ್ನ ವಿದ್ಯುತ್ ತೆಗೆದು, ಅಕ್ಷವನ್ನು ಸಾಗಿಸುವ ಪ್ರತಿ ಸ್ಕ್ರೂವನ್ನು ಕೈಯಿಂದಲೇ ಈ ತುದಿಯಿಂದ ಆ ತುದಿಯವರೆಗೆ ತಿರುಗಿಸಿ ನೋಡಿ. ಎಲ್ಲಿಯಾದರೂ ಬಿಗಿಯಾದರೆ, ಅಥವಾ ಮೋಟರನ್ನು ಸ್ಕ್ರೂಗೆ ಜೋಡಿಸುವ ಕಪ್ಲಿಂಗ್ ಸಡಿಲವಾಗಿದ್ದರೆ, ನೀವು ಹೇಳಿದ ಲಕ್ಷಣಗಳೇ ಕಾಣಿಸಿಕೊಳ್ಳುತ್ತವೆ. ಯಾವ ಕಂಟ್ರೋಲರ್ ಕೂಡ ಅದನ್ನು ಸರಿಪಡಿಸಲಾರದು.

ಯಾಂತ್ರಿಕ ಭಾಗ ಸರಿಯಿದ್ದರೆ ನನ್ನ ಮೊದಲ ಅನುಮಾನ ಆ 24 ವೋಲ್ಟ್ ಮೇಲೆಯೇ. ವೇಗ ಹೆಚ್ಚಿದಂತೆ ಮೋಟರಿನ ಸುರುಳಿಯಲ್ಲಿ ಕರೆಂಟ್ ಏರಲು ಸಿಗುವ ಸಮಯ ಕಡಿಮೆಯಾಗುತ್ತದೆ, ಕರೆಂಟ್ ಪೂರ್ತಿ ಏರದಿದ್ದರೆ ಟಾರ್ಕ್ (ತಿರುಗಿಸುವ ಬಲ) ಕುಸಿಯುತ್ತದೆ. ಕರೆಂಟ್ ಬದಲಾಗುವುದನ್ನು ಸುರುಳಿ ತಡೆಯುವ ಗುಣವಾದ ಇಂಡಕ್ಟನ್ಸ್ ಅನ್ನು ಮಿಲಿಹೆನ್ರಿಯಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 32ರಿಂದ ಗುಣಿಸಿದರೆ ಬರುವುದು ಆ ಮೋಟರ್‌ಗೆ ಕೊಡಬಹುದಾದ ಗರಿಷ್ಠ ವೋಲ್ಟೇಜಿನ ಅಂದಾಜು. 2.5 ಮಿಲಿಹೆನ್ರಿಯ ಮೋಟರ್‌ಗೆ ಅದು ಸುಮಾರು 50 ವೋಲ್ಟ್. ಅಂದರೆ ಅಂಥ ಮೋಟರ್ ಈಗ ಅರ್ಧ ಹಸಿವಿನಲ್ಲಿ ದುಡಿಯುತ್ತಿದೆ. ಪ್ರತಿ ಅಕ್ಷಕ್ಕೂ ಪ್ರತ್ಯೇಕವಾದ, 50 ವೋಲ್ಟ್‌ವರೆಗೆ ತಾಳುವ ಡ್ರೈವರ್ ಹಾಕಿ, 36 ವೋಲ್ಟ್ ಸಪ್ಲೈ ಕೊಡಿ. ಮಿತಿಯ ಅಂಚಿಗೆ ಹೋಗಬೇಡಿ, ಏಕೆಂದರೆ ಮೋಟರ್ ವೇಗ ತಗ್ಗಿಸುವಾಗ ಹಿಂದಿರುಗುವ ಶಕ್ತಿ ಸಪ್ಲೈಯ ವೋಲ್ಟೇಜನ್ನು ಇನ್ನಷ್ಟು ಏರಿಸುತ್ತದೆ. ಕರೆಂಟನ್ನು ಮೋಟರಿನ ಮೇಲೆ ನಮೂದಿಸಿದ ಪ್ರಮಾಣಕ್ಕೆ ಹೊಂದಿಸಿ.

ಕಂಟ್ರೋಲರ್ ಆಯ್ಕೆಗೆ ಒಂದು ಲೆಕ್ಕ ಸಾಕು. ಒಂದು ಸುತ್ತಿಗೆ 200 ಸ್ಟೆಪ್, 8 ಮೈಕ್ರೋಸ್ಟೆಪ್ (ಪ್ರತಿ ಸ್ಟೆಪ್ಪನ್ನು ಡ್ರೈವರ್ ಒಡೆಯುವ ಭಾಗಗಳು), ಸುತ್ತಿಗೆ 5 ಮಿಲಿಮೀಟರ್ ಸಾಗುವ ಬಾಲ್‌ಸ್ಕ್ರೂ ಎಂದುಕೊಂಡರೆ ಮಿಲಿಮೀಟರಿಗೆ ಕಂಟ್ರೋಲರಿನಿಂದ ಡ್ರೈವರ್‌ಗೆ 320 ಪಲ್ಸ್ ಬೇಕು; ನಿಮಿಷಕ್ಕೆ 6000 ಮಿಲಿಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ 32,000 ಪಲ್ಸ್ ಆಗುತ್ತದೆ. ಆರ್ಡುಯಿನೋ ಊನೋ ಎಂಬ ಚಿಕ್ಕ 8 ಬಿಟ್ ಬೋರ್ಡಿನ ಮೇಲೆ ಓಡುವ ಜಿಆರ್‌ಬಿಎಲ್ ಎಂಬ ನಿಯಂತ್ರಣ ಸಾಫ್ಟ್‌ವೇರ್ ಸುಮಾರು 30,000ಕ್ಕೇ ನಿಲ್ಲುವುದರಿಂದ, 32 ಬಿಟ್ ಪ್ರೊಸೆಸರಿನ ಕಂಟ್ರೋಲರನ್ನೇ ಆರಿಸಿ. ಹಳೆಯ ಕಂಪ್ಯೂಟರ್ ಗಟ್ಟಿಯಾಗಿದ್ದರೆ, ಉಚಿತವಾಗಿ ಸಿಗುವ ಲಿನಕ್ಸ್‌ಸಿಎನ್‌ಸಿ ಸಾಫ್ಟ್‌ವೇರ್ ಅದೇ ಪ್ಯಾರಲಲ್ ಪೋರ್ಟಿನಲ್ಲಿ ಕೆಲಸ ಮಾಡುತ್ತದೆ. ಖರ್ಚನ್ನು ಡ್ರೈವರ್ ಮತ್ತು ಸಪ್ಲೈಗಷ್ಟೇ ಸೀಮಿತಗೊಳಿಸಬಹುದು.

ವೈರಿಂಗ್‌ನಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಎಮರ್ಜೆನ್ಸಿ ಸ್ವಿಚ್ ಸಾಫ್ಟ್‌ವೇರನ್ನು ನಂಬದೆ, ಡ್ರೈವರ್ ಮತ್ತು ಸ್ಪಿಂಡಲ್ (ಕಟರನ್ನು ತಿರುಗಿಸುವ ಮೋಟರ್) ಎರಡರ ವಿದ್ಯುತ್ತನ್ನೂ ಕಾಂಟ್ಯಾಕ್ಟರ್ (ವಿದ್ಯುತ್ತಿನಿಂದ ನಡೆಯುವ ದೊಡ್ಡ ಸ್ವಿಚ್) ಮೂಲಕ ನೇರವಾಗಿ ಕಡಿಯುವಂತಿರಲಿ. ಅಕ್ಷ ತುದಿ ಮುಟ್ಟಿದಾಗ ತಿಳಿಸುವ ಲಿಮಿಟ್ ಸ್ವಿಚ್‌ಗಳನ್ನು ಸಾಮಾನ್ಯ ಸ್ಥಿತಿಯಲ್ಲಿ ಮುಚ್ಚಿರುವಂತೆ ಜೋಡಿಸಿದರೆ, ತಂತಿ ತುಂಡಾದ ಕ್ಷಣವೇ ಯಂತ್ರ ನಿಲ್ಲುತ್ತದೆ. ಅವುಗಳ ತಂತಿಗಳನ್ನು ಸ್ಪಿಂಡಲ್ ಕೇಬಲ್‌ನಿಂದ ದೂರವಿಡಿ. ಡ್ರೈವರ್‌ಗೆ ವಿದ್ಯುತ್ ಇರುವಾಗ ಮೋಟರ್ ತಂತಿಯನ್ನು ಎಂದಿಗೂ ಬಿಚ್ಚಬಾರದು, ಡ್ರೈವರ್ ಸುಟ್ಟುಹೋಗಬಹುದು.

ಮೊದಲ ಪರೀಕ್ಷೆಯನ್ನು ಕಟರ್ ಇಲ್ಲದೆ ನಡೆಸಿ. ಸಣ್ಣ ಸರಿತವನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಗೇಜನ್ನು ಸೊನ್ನೆಗೆ ಹೊಂದಿಸಿ, ಅಕ್ಷವನ್ನು ಪೂರ್ಣ ವೇಗದಲ್ಲಿ ಐವತ್ತು ಬಾರಿ ಹೋಗಿ ಬರುವಂತೆ ಓಡಿಸಿ. ಮುಳ್ಳು ಸೊನ್ನೆಗೆ ಮರಳದಿದ್ದರೆ ವೇಗಕ್ಕಿಂತ ಮೊದಲು ಆಕ್ಸಿಲರೇಶನ್ (ವೇಗ ಏರುವ ದರ) ತಗ್ಗಿಸಿ ಮತ್ತೆ ನೋಡಿ.