ಒಕೊಬೋಜಿ ಸರೋವರಗಳ ನಾಡು ಬೆಳೆದ ಬಗೆ

ಪ್ರಶ್ನೆ: ಅಮೆರಿಕದ ಅಯೋವಾ ರಾಜ್ಯದ ಡಿಕಿನ್ಸನ್ ಕೌಂಟಿಯು (ಜಿಲ್ಲೆಯಂಥ ಆಡಳಿತ ವಿಭಾಗ) ಮೆಕ್ಕೆಜೋಳದ ಹೊಲಗಳ ನಡುವೆಯೇ ಪ್ರವಾಸಿ ತಾಣವಾದದ್ದು ಹೇಗೆ?

ಉತ್ತರ: ಹಿಮಯುಗದ ಹಿಮನದಿಗಳು ಹಿಂದೆ ಸರಿದಾಗ ಉಳಿದ ಸ್ಪಿರಿಟ್ ಲೇಕ್ ಹಾಗೂ ಒಕೊಬೋಜಿ ಸರೋವರಗಳೇ ಈ ಕೌಂಟಿಯ ಜೀವಾಳ. 1851ರಲ್ಲಿ ರಚನೆಯಾದ ಇದಕ್ಕೆ ನ್ಯೂಯಾರ್ಕ್‌ನ ಸೆನೆಟರ್ ಡೇನಿಯಲ್ ಡಿಕಿನ್ಸನ್ ಅವರ ಹೆಸರನ್ನಿಟ್ಟರು. ಬಿಳಿಯ ವಲಸಿಗರು ನೆಲೆಯೂರಿದ್ದು 1856ರಲ್ಲಿ. ಮರುವರ್ಷದ ಮಾರ್ಚ್‌ನಲ್ಲಿ, ಕಡುಚಳಿಗಾಲದ ಹಸಿವಿನಿಂದಲೂ ತಮ್ಮ ನೆಲ ಕೈತಪ್ಪಿದ ನೋವಿನಿಂದಲೂ ಕುದಿಯುತ್ತಿದ್ದ ಮುಖಂಡ ಇಂಕ್ಪಡೂಟಾನ ಡಕೋಟಾ ಮೂಲನಿವಾಸಿಗಳ ತಂಡವು ಮೂವತ್ತಕ್ಕೂ ಹೆಚ್ಚು ವಲಸಿಗರನ್ನು ಕೊಂದಿತು. ಇದನ್ನು ಬರಿಯ ಕ್ರೌರ್ಯವೆಂದು ಬರೆದುಬಿಡುವುದು ನ್ಯಾಯವಲ್ಲ. ಇಂಕ್ಪಡೂಟಾನ ಬಂಧುವಾದ ಮುಖಂಡನೊಬ್ಬನನ್ನು 1854ರಲ್ಲಿ ಮದ್ಯದ ವ್ಯಾಪಾರಿಯೊಬ್ಬ ಕೊಂದಿದ್ದನೆಂಬುದನ್ನೂ ನೆನೆಯಬೇಕು. ಆ ದಾಳಿಯಲ್ಲಿ ಸೆರೆಯಾಗಿ ಬದುಕುಳಿದ ಬಾಲಕಿ ಅಬಿ ಗಾರ್ಡ್‌ನರ್ 1891ರಲ್ಲಿ ಹಿಂದಿರುಗಿ, ತನ್ನ ಕುಟುಂಬದವರು ಹತರಾದ ಮರದ ಮನೆಯನ್ನೇ ಕೊಂಡು, ಅದನ್ನು ನೋಡಲು ಬರುವವರಿಗೆ ತೆರೆದಿಟ್ಟಳು.

ಕೌಂಟಿಯ ದಿಕ್ಕನ್ನು ಬದಲಿಸಿದ್ದು 1880ರ ದಶಕದಲ್ಲಿ ಬಂದ ರೈಲು. ಬೇಸಿಗೆಯ ಅತಿಥಿಗಳು, ಹೋಟೆಲುಗಳು, ಉಗಿದೋಣಿಗಳು, ಆರ್ನಲ್ಡ್ಸ್ ಪಾರ್ಕ್‌ನ ಮನರಂಜನಾ ಉದ್ಯಾನ ಅದರ ಹಿಂದೆಯೇ ಬಂದವು. 1909ರಲ್ಲಿ ಪಶ್ಚಿಮ ಒಕೊಬೋಜಿಯ ದಡದಲ್ಲಿ ಲೇಕ್‌ಸೈಡ್ ಎಂಬ ನಿಸರ್ಗ ಅಧ್ಯಯನದ ಪ್ರಯೋಗಾಲಯವೂ ಆರಂಭವಾಯಿತು. 2020ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 17,703. ಅಯೋವಾದ ಹಲವು ಗ್ರಾಮೀಣ ಕೌಂಟಿಗಳು ಜನರನ್ನು ಕಳೆದುಕೊಳ್ಳುತ್ತಿರುವಾಗ ಇದು 2010ಕ್ಕಿಂತ ಸುಮಾರು ಸಾವಿರ ಹೆಚ್ಚು.