ಕೆಲಸಕ್ಕೆ ಸೇರಿದರೆ ಮಗುವಿನ ಜೀವನಾಂಶ ನಿಲ್ಲುತ್ತದೆಯೇ?

ಪ್ರಶ್ನೆ: ವಿಚ್ಛೇದನದ ನಂತರ ಮಗಳು ನನ್ನ ಜೊತೆಗಿದ್ದಾಳೆ. ಎಂಟು ತಿಂಗಳಿಂದ ಅವಳ ಜೀವನಾಂಶ ಬಂದಿಲ್ಲ. ನಾನು ಕೆಲಸಕ್ಕೆ ಸೇರಿದರೆ ಅದು ರದ್ದಾಗುತ್ತದೆಯೇ?

ಉತ್ತರ: ಇಲ್ಲ, ಧೈರ್ಯವಾಗಿ ಸೇರಿ. ಅದು ಮಗಳ ಹಕ್ಕು. ತಾಯಿ ದುಡಿಯುತ್ತಾಳೆಂದು ತಂದೆಯ ಹೊಣೆ ತಪ್ಪದು. ನಿಮ್ಮ ಸಂಬಳ ನೋಡಿ ಕೋರ್ಟು ಮೊತ್ತ ಬದಲಿಸಬಹುದು. ಆದರೂ ಸಂಬಳ ಮುಚ್ಚಿಡಬೇಡಿ: ಸುಪ್ರೀಂ ಕೋರ್ಟಿನ 2020ರ ರಜನೇಶ್–ನೇಹಾ ತೀರ್ಪಿನಂತೆ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಬೇಕು. ಮಗುವನ್ನು ನೋಡಿಕೊಳ್ಳುವವರ ಸಂಬಳ, ಶಾಲಾ ವ್ಯಾನಿನ ರಸೀದಿ ಜೋಡಿಸಿ; ದುಡಿಯಲು ಹೊರಟಾಗ ಬೀಳುವ ಈ ಖರ್ಚನ್ನು ಬಹಳ ತಾಯಂದಿರು ತೋರಿಸುವುದೇ ಇಲ್ಲ.

ನಮಗೆ ಆತಂಕ ಬಾಕಿಯದು. ಆದೇಶ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನದಾಗಿದ್ದರೆ (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125), ಪ್ರತಿ ಕಂತಿಗೂ ಅದು ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಬೇಕು. ತಡವಾದರೆ ಆ ಕಂತಿನ ವಸೂಲಿಗೆ ಕೋರ್ಟಿನ ವಾರಂಟ್ ಹೊರಡದು. ಬ್ಯಾಂಕ್ ಸ್ಟೇಟ್‌ಮೆಂಟ್ ಸಹಿತ ಈಗಲೇ ಹಾಕಿ.